ವಾಸ್ತುಶಿಲ್ಪದ ಪದವಿಗೆ ಮಾನ್ಯತೆ: ಪರೀಕ್ಷಕರನ್ನು ಪರೀಕ್ಷಿಸುವವರು ಯಾರು?

ಅಂಗಡಿಯಲ್ಲಿ ಒಂದು ಕಿಲೋಗ್ರಾಂ ಸಕ್ಕರೆಯನ್ನು ಕೊಳ್ಳುವವನು ತಕ್ಕಡಿಯ ಬಟ್ಟನ್ನು ತಾನೇ ಪರೀಕ್ಷಿಸಿ ನೋಡುವುದಿಲ್ಲ. ಅದರ ಮೇಲೆ ಸರ್ಕಾರದ ಮುದ್ರೆ ಬಿದ್ದಿದೆ, ಆ ಮುದ್ರೆಯನ್ನು ಕಾಲಕಾಲಕ್ಕೆ ಹೊಸದಾಗಿ ಒತ್ತಿಸಬೇಕಾಗುತ್ತದೆ ಎಂಬ ನಂಬಿಕೆಯಿಂದ ಹಣವನ್ನು ಕೊಟ್ಟು ಹೊರಡುತ್ತಾನೆ. ಅಂಗಡಿಯ ಬಟ್ಟನ್ನು ಇಲಾಖೆಯ ಬಟ್ಟಿನೊಡನೆ, ಅದನ್ನು ಇನ್ನೂ ಸೂಕ್ಷ್ಮವಾದ ಮತ್ತೊಂದು ಬಟ್ಟಿನೊಡನೆ, ಹೀಗೆ ಮೆಟ್ಟಲು ಮೆಟ್ಟಲಾಗಿ ತಾಳೆ ನೋಡುತ್ತ ಹೋದರೆ ಕೊನೆಗೆ ಎಲ್ಲಕ್ಕೂ ಮೂಲವಾದ ಒಂದು ಮಾನಕವನ್ನು ಮುಟ್ಟುತ್ತೇವೆ. ಪ್ರಯೋಗಶಾಲೆಯಲ್ಲಿ ಕೆಲಸ ಮಾಡುವ ನಮಗೆ ಇದು ಪ್ರತಿದಿನದ ಅನುಭವ. ತಾಳೆ ನೋಡದ ಉಪಕರಣವು ತೋರಿಸುವ ಅಂಕಿಯನ್ನು ನಾವು ಅಂಕಿ ಎಂದೇ ಪರಿಗಣಿಸುವುದಿಲ್ಲ.

ವಿದ್ಯಾರ್ಥಿಯ ಕೈಯಲ್ಲಿರುವ ಪದವಿಪತ್ರವೂ ಒಂದು ಬಗೆಯ ಬಟ್ಟೇ ಸರಿ. ‘ಈತನು ಕಟ್ಟಡವನ್ನು ಯೋಜಿಸಬಲ್ಲನು’ ಎಂದು ಅದು ಹೇಳುತ್ತದೆ. ಆದರೆ ಹಾಗೆ ಹೇಳುವ ಕಾಲೇಜಿನ ಮಾತು ನಂಬತಕ್ಕದ್ದೆ? ಅದನ್ನು ತಾಳೆ ನೋಡುವವರು ಯಾರು? ಈ ಪ್ರಶ್ನೆಗೆ ಉತ್ತರವಾಗಿ ಹುಟ್ಟಿಕೊಂಡ ಏರ್ಪಾಡಿಗೆ ‘ಮಾನ್ಯತೆ’ ಎಂದು ಹೆಸರು. ವೈದ್ಯ, ಇಂಜಿನಿಯರಿಂಗ್, ನ್ಯಾಯಶಾಸ್ತ್ರ ಮುಂತಾದ ವೃತ್ತಿಗಳಲ್ಲೆಲ್ಲ ಇದು ಒಂದಲ್ಲ ಒಂದು ರೂಪದಲ್ಲಿ ಉಂಟು. ಈ ಲೇಖನದಲ್ಲಿ ವಾಸ್ತುಶಿಲ್ಪದ ಪದವಿಯನ್ನು ಮಾತ್ರ ತೆಗೆದುಕೊಂಡು, ಈ ಏರ್ಪಾಡು ಹೇಗೆ ಬೆಳೆಯಿತು, ಹೇಗೆ ನಡೆಯುತ್ತದೆ, ಅದರಿಂದ ಆಗತಕ್ಕ ಪ್ರಯೋಜನವೇನು, ಆಗಲಾರದ್ದೇನು ಎಂಬುದನ್ನು ವಿಚಾರಮಾಡೋಣ.

ಕೇಳಲಾಗದ ಉಪನ್ಯಾಸ ಮಂದಿರ

ಮೊದಲು ಒಂದು ನಿದರ್ಶನ. ೧೮೯೫ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಫಾಗ್ ಕಲಾ ವಸ್ತುಸಂಗ್ರಹಾಲಯದ ಕಟ್ಟಡ ಪೂರೈಸಿತು. ಅದನ್ನು ಯೋಜಿಸಿದವರು ರಿಚರ್ಡ್ ಮಾರಿಸ್ ಹಂಟ್. ಪ್ಯಾರಿಸ್ಸಿನ ಪ್ರಸಿದ್ಧ ಕಲಾಶಾಲೆಯಾದ ಎಕೋಲ್ ದೆ ಬೋಜಾರ್‌ನಲ್ಲಿ ವಾಸ್ತುಶಿಲ್ಪವನ್ನು ಕಲಿತ ಮೊದಲ ಅಮೆರಿಕನರು ಅವರು. ಆ ದೇಶದ ವಾಸ್ತುಶಿಲ್ಪಿಗಳ ಸಂಘವನ್ನು ೧೮೫೭ರಲ್ಲಿ ಕಟ್ಟಿದವರಲ್ಲಿ ಒಬ್ಬರು. ಆದರೆ ಅಲ್ಲಿನ ಉಪನ್ಯಾಸ ಮಂದಿರದಲ್ಲಿ ಅಧ್ಯಾಪಕರು ಆಡಿದ ಮಾತು ಒಂದೂ ತಿಳಿಯುತ್ತಿರಲಿಲ್ಲ. ಸಾಮಾನ್ಯ ದನಿಯಲ್ಲಿ ಉಚ್ಚರಿಸಿದ ಒಂದು ಶಬ್ದವು ಸುಮಾರು ಐದೂವರೆ ಸೆಕೆಂಡುಗಳ ಕಾಲ ಗೋಡೆಯಿಂದ ಗೋಡೆಗೆ ಪುಟಿಯುತ್ತ ಉಳಿಯುತ್ತಿತ್ತು. ಅಷ್ಟರಲ್ಲಿ ಅಧ್ಯಾಪಕರು ಇನ್ನೂ ಹತ್ತು ಹನ್ನೆರಡು ಶಬ್ದಗಳನ್ನು ಆಡಿರುತ್ತಿದ್ದರು. ಎಲ್ಲವೂ ಕಲಸಿ ಗದ್ದಲವಾಗುತ್ತಿತ್ತು.

ಇದನ್ನು ಸರಿಪಡಿಸುವ ಕೆಲಸ ೨೭ ವರ್ಷದ ಭೌತಶಾಸ್ತ್ರ ಅಧ್ಯಾಪಕ ವಾಲೆಸ್ ಕ್ಲೆಮೆಂಟ್ ಸೇಬಿನ್ ಅವರ ಪಾಲಿಗೆ ಬಂತು. ಪಕ್ಕದ ಸ್ಯಾಂಡರ್ಸ್ ನಾಟಕಮಂದಿರದ ಆಸನಗಳ ಮೆತ್ತೆಗಳನ್ನು ಹೊತ್ತು ತಂದು ಹಾಸಿ, ನಡುರಾತ್ರಿಯ ನಿಶ್ಶಬ್ದದಲ್ಲಿ ಆರ್ಗನ್ ವಾದ್ಯದ ಕೊಳವೆಯೊಂದನ್ನು ನುಡಿಸಿ, ದನಿ ಅಡಗುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆಂದು ಅವರು ಅಳೆದರು. ಮೆತ್ತೆಗಳ ಸಂಖ್ಯೆಯನ್ನು ಹೆಚ್ಚಿಸಿ ಮತ್ತೆ ಅಳೆದರು. ಹೀಗೆ ಕೆಲವು ವರ್ಷ ದುಡಿದ ಮೇಲೆ ಒಂದು ಸರಳವಾದ ನಿಯಮ ದೊರೆಯಿತು. ಮೀಟರುಗಳಲ್ಲಿ ಅದನ್ನು ಹೀಗೆ ಬರೆಯಬಹುದು:

ಅನುರಣನ ಕಾಲ = ೦.೧೬೧ × ಕೋಣೆಯ ಗಾತ್ರ ÷ ಒಟ್ಟು ಹೀರಿಕೆ

ಹೀರಿಕೆ ಎಂದರೆ ಕೋಣೆಯ ಮೈಗಳು ದನಿಯನ್ನು ನುಂಗುವ ಶಕ್ತಿ. ಒಂದು ಚದರ ಮೀಟರು ತೆರೆದ ಕಿಟಕಿ ತನ್ನ ಮೇಲೆ ಬಿದ್ದ ದನಿಯನ್ನೆಲ್ಲ ಹೊರಕ್ಕೆ ಬಿಡುವುದರಿಂದ ಅದೇ ಇದರ ಮೂಲಮಾನ.

ಈ ನಿಯಮವನ್ನು ನಮ್ಮ ಒಂದು ತರಗತಿಯ ಕೋಣೆಗೆ ಅನ್ವಯಿಸಿ ನೋಡೋಣ. ಉದ್ದ ೧೦ ಮೀಟರು, ಅಗಲ ೮, ಎತ್ತರ ೪ ಎಂದಿಟ್ಟುಕೊಂಡರೆ ಗಾತ್ರ ೩೨೦ ಘನಮೀಟರು. ಗೋಡೆ, ನೆಲ, ಚಾವಣಿಗಳ ಒಟ್ಟು ವಿಸ್ತೀರ್ಣ ೩೦೪ ಚದರ ಮೀಟರು. ಗಾರೆ ಬಳಿದ ಗಟ್ಟಿಯಾದ ಮೈ ದನಿಯಲ್ಲಿ ನೂರಕ್ಕೆ ಸುಮಾರು ಮೂರು ಪಾಲನ್ನು ಮಾತ್ರ ಹೀರುತ್ತದೆ. ಆದುದರಿಂದ ಒಟ್ಟು ಹೀರಿಕೆ ಸುಮಾರು ೯. ಬಾಗಿಲು ಕಿಟಕಿಗಳನ್ನು ಮುಚ್ಚಿದ ಬರಿಯ ಕೋಣೆಯ ಅನುರಣನ ಕಾಲ ೫.೭ ಸೆಕೆಂಡು! ಹಾರ್ವರ್ಡಿನ ಮಂದಿರದ ಅವಸ್ಥೆಯೇ ಇಲ್ಲಿಯೂ ಬಂತು. ೬೦ ಮಂದಿ ವಿದ್ಯಾರ್ಥಿಗಳು ಬಂದು ಕುಳಿತರೆ, ಒಬ್ಬೊಬ್ಬರ ಮೈಬಟ್ಟೆ ೦.೪ರಷ್ಟು ಹೀರುತ್ತದೆಂದು ಹಿಡಿದರೆ, ಹೀರಿಕೆ ೩೩ಕ್ಕೆ ಏರಿ ಕಾಲವು ಸುಮಾರು ಒಂದೂವರೆ ಸೆಕೆಂಡಿಗೆ ಇಳಿಯುತ್ತದೆ. ಮಾತು ಸ್ಪಷ್ಟವಾಗಿ ಕೇಳಬೇಕಾದರೆ ಅದು ಒಂದು ಸೆಕೆಂಡಿಗಿಂತ ಕಡಮೆ ಇರಬೇಕು. ೮೦ ಚದರ ಮೀಟರಿನ ಚಾವಣಿಗೆ ದನಿಯ ಅರ್ಧವನ್ನು ಹೀರುವ ಹಲಗೆಗಳನ್ನು ಹೊದಿಸಿದರೆ ಕಾಲ ಸುಮಾರು ಮುಕ್ಕಾಲು ಸೆಕೆಂಡಾಗುತ್ತದೆ. ಹಿಂದಿನ ಬೆಂಚಿನ ವಿದ್ಯಾರ್ಥಿಗೂ ಪಾಠ ಕೇಳುತ್ತದೆ.

ಹಂಟ್ ಅವರನ್ನು ದೂರುವುದಕ್ಕಾಗಿ ನಾವು ಈ ಕಥೆಯನ್ನು ಹೇಳಲಿಲ್ಲ. ೧೮೯೫ರಲ್ಲಿ ಈ ತಿಳಿವಳಿಕೆಯೇ ಲೋಕದಲ್ಲಿ ಇರಲಿಲ್ಲ. ೧೯೦೦ರಲ್ಲಿ ತೆರೆದ ಬಾಸ್ಟನ್ ನಗರದ ಸಿಂಫನಿ ಸಂಗೀತಮಂದಿರದ ಯೋಜನೆಯಲ್ಲಿ ಸೇಬಿನ್ ಅವರ ಲೆಕ್ಕವು ಉಪಯೋಗಕ್ಕೆ ಬಂತು; ಆ ಮಂದಿರ ಇಂದಿಗೂ ಲೋಕದ ಉತ್ತಮ ಸಂಗೀತಮಂದಿರಗಳಲ್ಲಿ ಒಂದೆಂದು ಎಣಿಸಲ್ಪಡುತ್ತದೆ. ತಿಳಿವಳಿಕೆ ಬಂದುದಾಯಿತು. ಇನ್ನು ಮುಂದೆ ಏಳುವ ಪ್ರಶ್ನೆ ಬೇರೆ: ವಾಸ್ತುಶಿಲ್ಪದ ಕಾಲೇಜು ಪ್ರತಿಯೊಂದೂ ಇದನ್ನು ಕಲಿಸುತ್ತಿದೆಯೆ? ಕಲಿಸಿದ್ದನ್ನು ವಿದ್ಯಾರ್ಥಿಯು ತನ್ನ ನಕ್ಷೆಯಲ್ಲಿ ಉಪಯೋಗಿಸಬಲ್ಲನೆ?

ದನಿಯ ವಿಷಯದಲ್ಲಿ ಅಜ್ಞಾನದ ಫಲ ಕಿವಿಗೆ ಕಿರಿಕಿರಿ ಮಾತ್ರ. ಬೇರೆ ಕಡೆ ಅದರ ಬೆಲೆ ಪ್ರಾಣ. ೨೦೦೧ನೆಯ ಜನವರಿ ೨೬ರಂದು ಗುಜರಾತಿನ ಭುಜ್ ಪ್ರದೇಶದಲ್ಲಿ ಭೂಕಂಪವಾದಾಗ, ೨೦೦ ಕಿಲೋಮೀಟರಿಗೂ ಹೆಚ್ಚು ದೂರದ ಅಹಮದಾಬಾದಿನಲ್ಲಿ ಅನೇಕ ಮಹಡಿ ಮನೆಗಳು ಕುಸಿದವು. ಅವುಗಳಲ್ಲಿ ಹಲವಕ್ಕೆ ಸಾಮಾನ್ಯವಾದ ಒಂದು ಲಕ್ಷಣವಿತ್ತು. ವಾಹನಗಳನ್ನು ನಿಲ್ಲಿಸಲೆಂದು ನೆಲ ಅಂತಸ್ತನ್ನು ಬರಿಯ ಕಂಬಗಳ ಮೇಲೆ ತೆರೆದು ಬಿಟ್ಟಿದ್ದರು. ಮೇಲಿನ ಅಂತಸ್ತುಗಳಲ್ಲಿ ಇಟ್ಟಿಗೆಯ ಗೋಡೆಗಳಿದ್ದು ಅವು ಬಿಗಿಯಾಗಿದ್ದವು. ನೆಲ ಅದುರಿದಾಗ ಬಾಗುವ ಕೆಲಸವೆಲ್ಲ ಮೆದುವಾದ ಕೆಳ ಅಂತಸ್ತಿನ ಮೇಲೆ ಬಿದ್ದು ಕಂಬಗಳು ಮುರಿದವು. ಲೆಕ್ಕ ಮಾಡತಕ್ಕವನು ಇಂಜಿನಿಯರನೇ ಆದರೂ, ನೆಲ ಅಂತಸ್ತು ತೆರೆದಿರಬೇಕೆಂದು ಮೊದಲ ಗೆರೆಯನ್ನು ಎಳೆಯುವವನು ಸಾಮಾನ್ಯವಾಗಿ ವಾಸ್ತುಶಿಲ್ಪಿ. ಆ ಗೆರೆಯ ಅರ್ಥವೇನೆಂದು ಅವನಿಗೆ ತಿಳಿದಿರಬೇಕಾದುದು ಅವಶ್ಯ.

ಎರಡು ಬಗೆಯ ತಾಳೆ

ಮಾನ್ಯತೆಯನ್ನು ಪರವಾನಗಿಯೊಡನೆ ಬೆರೆಸಬಾರದು. ಪರವಾನಗಿ ಅಥವಾ ನೋಂದಣಿ ಒಬ್ಬ ವ್ಯಕ್ತಿಗೆ ಸಂಬಂಧಿಸಿದ್ದು. ಮಾನ್ಯತೆ ಆ ವ್ಯಕ್ತಿಯನ್ನು ತಯಾರಿಸಿದ ಶಿಕ್ಷಣಕ್ರಮಕ್ಕೆ ಸಂಬಂಧಿಸಿದ್ದು. ಒಂದು ಬಟ್ಟನ್ನು ತೂಗಿ ನೋಡುವುದು ಮೊದಲನೆಯದು. ಬಟ್ಟುಗಳನ್ನು ಎರಕ ಹೊಯ್ಯುವ ಅಚ್ಚನ್ನು ಪರೀಕ್ಷಿಸುವುದು ಎರಡನೆಯದು.

ಅಮೆರಿಕದಲ್ಲಿ ಮೊದಲು ಬಂದದ್ದು ಪರವಾನಗಿ. ೧೮೯೭ರಲ್ಲಿ ಇಲಿನಾಯ್ ರಾಜ್ಯವು ವಾಸ್ತುಶಿಲ್ಪಿಗಳಿಗೆ ಪರವಾನಗಿ ಬೇಕೆಂದು ಶಾಸನ ಮಾಡಿತು. ಉಳಿದ ರಾಜ್ಯಗಳು ಕ್ರಮೇಣ ಅದನ್ನು ಅನುಸರಿಸಿದವು. ವಾಸ್ತುಶಿಲ್ಪ ಶಾಲೆಗಳು ಸೇರಿ ೧೯೧೨ರಲ್ಲಿ ಒಂದು ಸಂಘವನ್ನು ಮಾಡಿಕೊಂಡು, ೧೯೧೪ರಲ್ಲಿ ತಮ್ಮ ಸದಸ್ಯ ಶಾಲೆಗಳಿಗೆ ಕನಿಷ್ಠ ನಿಯಮಗಳನ್ನು ವಿಧಿಸಿಕೊಂಡವು. ೧೯೩೨ರಲ್ಲಿ ಆ ನಿಯಮಗಳನ್ನು ಕೈಬಿಟ್ಟವು. ರಾಜ್ಯಗಳ ಪರವಾನಗಿ ಮಂಡಲಿಗಳು ೧೯೧೯ರಲ್ಲಿಯೇ ಒಂದು ಒಕ್ಕೂಟವಾಗಿದ್ದವು. ಕೊನೆಗೆ ೧೯೪೦ರಲ್ಲಿ ಶಾಲೆಗಳ ಸಂಘ, ವೃತ್ತಿನಿರತರ ಸಂಘ, ಪರವಾನಗಿ ಮಂಡಲಿಗಳ ಒಕ್ಕೂಟ ಈ ಮೂರೂ ಕೂಡಿ ‘ರಾಷ್ಟ್ರೀಯ ವಾಸ್ತುಶಿಲ್ಪ ಮಾನ್ಯತಾ ಮಂಡಲಿ’ಯನ್ನು ಸ್ಥಾಪಿಸಿದವು. ಎಲ್ಲ ಶಾಲೆಗಳನ್ನೂ ಒಂದೇ ಅಚ್ಚಿನಲ್ಲಿ ಎರೆಯಬಾರದು, ತಮ್ಮ ತಮ್ಮ ಸಾಧನ ಸಂದರ್ಭಗಳಿಗೆ ತಕ್ಕಂತೆ ಅವು ಬೆಳೆಯಲು ಎಡೆಯಿರಬೇಕು ಎಂಬುದು ಸ್ಥಾಪಕರ ಆಶಯವಾಗಿತ್ತು.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಈ ಮಂಡಲಿಯು ವಿಶ್ವವಿದ್ಯಾನಿಲಯಕ್ಕೆ ಮಾನ್ಯತೆ ಕೊಡುವುದಿಲ್ಲ. ನಿರ್ದಿಷ್ಟವಾದ ಒಂದು ಪದವಿಗೆ ಕೊಡುತ್ತದೆ. ಹಾಗೆ ಮಾನ್ಯವಾಗಬಲ್ಲ ವೃತ್ತಿಪದವಿಗಳು ಮೂರು: ಬ್ಯಾಚಲರ್ ಆಫ್ ಆರ್ಕಿಟೆಕ್ಚರ್, ಮಾಸ್ಟರ್ ಆಫ್ ಆರ್ಕಿಟೆಕ್ಚರ್, ಡಾಕ್ಟರ್ ಆಫ್ ಆರ್ಕಿಟೆಕ್ಚರ್. ಅದೇ ಕಟ್ಟಡದಲ್ಲಿ ಅದೇ ಅಧ್ಯಾಪಕರು ಕಲಿಸಿದರೂ, ನಾಲ್ಕು ವರ್ಷದ ‘ಬ್ಯಾಚಲರ್ ಆಫ್ ಸೈನ್ಸ್ ಇನ್ ಆರ್ಕಿಟೆಕ್ಚರ್’ ಎಂಬುದು ವೃತ್ತಿಗೆ ಪೂರ್ವಭಾವಿಯಾದ ಪದವಿಯೇ ಹೊರತು ಮಾನ್ಯವಾದ ವೃತ್ತಿಪದವಿಯಲ್ಲ. ನಮ್ಮ ನಾಡಿನಿಂದ ಅಲ್ಲಿಗೆ ಓದಲು ಹೋಗುವ ವಿದ್ಯಾರ್ಥಿಗಳು ಹೆಸರಿನ ಈ ಸಣ್ಣ ಭೇದವನ್ನು ಹೊರಡುವ ಮುನ್ನವೇ ತಿಳಿದಿರುವುದು ಒಳ್ಳೆಯದು.

ಪರಿಶೀಲನೆ ನಡೆಯುವ ರೀತಿ

ಮಾನ್ಯತೆಯನ್ನು ಬಯಸುವ ಶಾಲೆಯು ಮೊದಲು ತನ್ನನ್ನು ತಾನೇ ಪರೀಕ್ಷಿಸಿಕೊಂಡು ಒಂದು ವರದಿಯನ್ನು ಬರೆಯಬೇಕು. ಏನನ್ನು ಕಲಿಸುತ್ತೇವೆ, ಯಾರು ಕಲಿಸುತ್ತಾರೆ, ಗ್ರಂಥಾಲಯ, ಕಾರ್ಯಾಗಾರ, ಹಣಕಾಸು ಹೇಗಿವೆ, ಕೊರತೆಗಳು ಯಾವುವು, ಅವುಗಳನ್ನು ಹೇಗೆ ತಿದ್ದಿಕೊಳ್ಳುತ್ತಿದ್ದೇವೆ ಎಂಬುದೆಲ್ಲ ಅದರಲ್ಲಿ ಇರತಕ್ಕದ್ದು. ಆಮೇಲೆ ಹೊರಗಿನ ಪರಿಶೀಲಕರ ತಂಡವೊಂದು ಶಾಲೆಯನ್ನು ಸಂದರ್ಶಿಸಿ ಅಧ್ಯಾಪಕರನ್ನೂ ವಿದ್ಯಾರ್ಥಿಗಳನ್ನೂ ಆಡಳಿತಗಾರರನ್ನೂ ಕಂಡು ಮಾತನಾಡುತ್ತದೆ. ವರದಿಯಲ್ಲಿ ಹೇಳಿದ್ದು ಕಣ್ಣಿಗೆ ಕಾಣುವುದರೊಡನೆ ಹೊಂದುತ್ತದೆಯೆ ಎಂದು ನೋಡುತ್ತದೆ. ತಂಡದ ವರದಿಯ ಮೇಲೆ ತೀರ್ಮಾನ ಕೊಡುವುದು ಮಂಡಲಿಯ ಕೆಲಸ. ಮಾನ್ಯತೆಯ ಅವಧಿ ಹೆಚ್ಚೆಂದರೆ ಎಂಟು ವರ್ಷ. ಆಮೇಲೆ ಮತ್ತೆ ಪರೀಕ್ಷೆ. ಬಟ್ಟಿನ ಮುದ್ರೆಯಂತೆ ಇದೂ ಸವೆಯುತ್ತದೆ.

ಈ ಪರಿಶೀಲನೆಯಲ್ಲಿ ನಮ್ಮ ಮನಸ್ಸಿಗೆ ಬಹಳ ಹಿಡಿಸಿದ ಅಂಶವೊಂದುಂಟು. ವಿದ್ಯಾರ್ಥಿಗಳ ನಕ್ಷೆಗಳನ್ನೂ ಮಾದರಿಗಳನ್ನೂ ತಂಡದ ಮುಂದೆ ಇಡುವಾಗ, ಉತ್ತಮ ದರ್ಜೆಯವರ ಕೆಲಸವನ್ನು ಮಾತ್ರ ಇಟ್ಟರೆ ಸಾಲದು, ಅಂಚಿನಲ್ಲಿ ತೇರ್ಗಡೆಯಾದವರ ಕೆಲಸವನ್ನೂ ಇಡಬೇಕು ಎಂಬ ಪದ್ಧತಿ ಬಹುಕಾಲ ನಡೆದುಬಂದಿತ್ತು. ಇದರ ಮರ್ಮವನ್ನು ವಿಚಾರಮಾಡಿ. ಯಾವ ಶಾಲೆಯಲ್ಲಿಯೂ ಒಬ್ಬಿಬ್ಬರು ಪ್ರತಿಭಾವಂತರು ಇದ್ದೇ ಇರುತ್ತಾರೆ. ಅವರ ಕೆಲಸದಿಂದ ಅವರ ಪ್ರತಿಭೆ ತಿಳಿಯುತ್ತದೆಯೇ ಹೊರತು ಶಾಲೆಯ ಮಟ್ಟ ತಿಳಿಯುವುದಿಲ್ಲ. ಕನಿಷ್ಠ ಅಂಕಗಳಿಂದ ತೇರ್ಗಡೆಯಾದವನ ನಕ್ಷೆಯಲ್ಲಿ ಬೆಂಕಿ ಬಿದ್ದರೆ ಹೊರಕ್ಕೆ ಓಡಲು ಎರಡನೆಯ ಮೆಟ್ಟಲು ಇದೆಯೆ? ಗಾಲಿಕುರ್ಚಿಯಲ್ಲಿ ಬರುವವನು ಒಳಕ್ಕೆ ಬರಬಲ್ಲನೆ? ಕಂಬದ ಮೇಲಿನ ಭಾರ ನೆಲವನ್ನು ಮುಟ್ಟಲು ದಾರಿಯಿದೆಯೆ? ಇವು ಅಲ್ಲಿ ಇದ್ದರೆ ಆ ಶಾಲೆಯ ಎಲ್ಲ ಪದವೀಧರರಲ್ಲಿಯೂ ಇರುತ್ತವೆ. ಸರಪಳಿಯ ಬಲವನ್ನು ಅದರ ಅತ್ಯಂತ ದುರ್ಬಲವಾದ ಕೊಂಡಿಯಲ್ಲಿ ಅಳೆಯುವ ಭೌತಶಾಸ್ತ್ರದ ಕ್ರಮವೇ ಇದು.

ಏನನ್ನು ಕಲಿತಿರಬೇಕು ಎಂಬುದನ್ನು ಈ ಮಂಡಲಿಯ ೨೦೨೦ರ ನಿಯಮಾವಳಿ ಆರು ಅಂಶಗಳಲ್ಲಿ ಹೇಳುತ್ತದೆ. ಜನರ ಆರೋಗ್ಯ, ಸುರಕ್ಷಿತತೆ, ಕ್ಷೇಮ ಮೊದಲನೆಯದು. ವೃತ್ತಿಯ ನಡವಳಿಕೆ ಎರಡನೆಯದು, ಕಟ್ಟಡದ ಕಾಯಿದೆಗಳು ಮೂರನೆಯದು, ತಾಂತ್ರಿಕ ಜ್ಞಾನ ನಾಲ್ಕನೆಯದು. ಇವೆಲ್ಲವನ್ನೂ ಒಂದು ಯೋಜನೆಯಲ್ಲಿ ಕೂಡಿಸುವ ಶಕ್ತಿ ಐದನೆಯದು. ಕಟ್ಟಡದ ಎಲುಬು, ಹೊದಿಕೆ, ಗಾಳಿ, ಬೆಳಕು ಮುಂತಾದ ವ್ಯವಸ್ಥೆಗಳನ್ನು ಹೊಂದಿಸುವ ಶಕ್ತಿ ಆರನೆಯದು. ಕೊನೆಯ ಎರಡು ಕಠಿನವಾದವು. ಬಿಡಿ ಬಿಡಿಯಾಗಿ ತಿಳಿದಿರುವುದು ಒಂದು. ದನಿಗೆ ಒಳ್ಳೆಯದಾದ ಚಾವಣಿ ಬೆಳಕಿಗೂ ಒಳ್ಳೆಯದಾಗಿ, ಬೆಂಕಿಗೂ ಜಗ್ಗದಂತೆ ಮಾಡುವುದು ಇನ್ನೊಂದು.

ಭಾರತದ ಏರ್ಪಾಡು

ಬ್ರಿಟನ್ನಿನಲ್ಲಿ ೧೮೩೪ರಲ್ಲಿ ಹುಟ್ಟಿದ ವಾಸ್ತುಶಿಲ್ಪಿಗಳ ಸಂಸ್ಥೆಯು ಶಾಲೆಗಳ ಪಠ್ಯಕ್ರಮವನ್ನು ಪರಿಶೀಲಿಸುವ ಪದ್ಧತಿಯನ್ನು ಬೆಳೆಸಿತು. ೧೯೩೧ ಮತ್ತು ೧೯೩೮ರ ಶಾಸನಗಳು ನೋಂದಣಿಯನ್ನು ತಂದವು. ನಮ್ಮಲ್ಲಿ ಮುಂಬಯಿಯ ಸರ್ ಜೆ. ಜೆ. ಶಾಲೆಯಲ್ಲಿ ವಾಸ್ತುಶಿಲ್ಪದ ಶಿಕ್ಷಣ ೧೯೧೩ರಿಂದ ಕ್ರಮವಾಗಿ ನಡೆದುಬಂದಿದ್ದರೂ, ವಾಸ್ತುಶಿಲ್ಪಿ ಯಾರೆಂದು ಹೇಳುವ ಕಾಯಿದೆ ಬಂದದ್ದು ೧೯೭೨ರಲ್ಲಿ. ಆ ವರ್ಷದ ವಾಸ್ತುಶಿಲ್ಪಿಗಳ ಅಧಿನಿಯಮದ ಪ್ರಕಾರ ‘ವಾಸ್ತುಶಿಲ್ಪ ಪರಿಷತ್ತು’ ಸ್ಥಾಪಿತವಾಯಿತು. ಮಾನ್ಯವಾದ ಪದವಿಗಳ ಪಟ್ಟಿಯನ್ನು ಅಧಿನಿಯಮಕ್ಕೇ ಅನುಸೂಚಿಯಾಗಿ ಸೇರಿಸಲಾಗಿದೆ. ಪರಿಷತ್ತು ಕಾಲೇಜುಗಳಿಗೆ ಪರಿವೀಕ್ಷಕರನ್ನು ಕಳುಹಿಸಬಹುದು. ಅವರು ಪರೀಕ್ಷೆಯು ನಡೆಯುವುದರಲ್ಲಿ ಕೈಹಾಕತಕ್ಕದ್ದಲ್ಲ. ಅಧ್ಯಾಪಕರು, ಸಲಕರಣೆ, ಸ್ಥಳಾವಕಾಶ, ಶಿಕ್ಷಣ ಇವು ತಕ್ಕಷ್ಟು ಇವೆಯೆ ಎಂದು ವರದಿ ಮಾಡತಕ್ಕದ್ದು. ಕೊರತೆ ಕಂಡುಬಂದರೆ ವಿಷಯವು ಸರ್ಕಾರಕ್ಕೆ ಹೋಗಿ, ಸಂಸ್ಥೆಯ ಸಮಜಾಯಿಷಿಯನ್ನು ಕೇಳಿದ ಮೇಲೆ, ಕೇಂದ್ರ ಸರ್ಕಾರವು ಮಾನ್ಯತೆಯನ್ನು ಹಿಂತೆಗೆದುಕೊಳ್ಳಬಹುದು.

೧೯೮೩ರ ಕನಿಷ್ಠ ಮಟ್ಟದ ನಿಯಮಗಳು ಐದು ವರ್ಷದ ಪೂರ್ಣಕಾಲದ ಓದನ್ನು ವಿಧಿಸಿದವು. ಒಂದು ತರಗತಿಯಲ್ಲಿ ೪೦ಕ್ಕಿಂತ ಹೆಚ್ಚು ಮಂದಿ ಇರಕೂಡದು, ಎಂಟು ವಿದ್ಯಾರ್ಥಿಗಳಿಗೆ ಒಬ್ಬ ಅಧ್ಯಾಪಕ ಇರಬೇಕು ಎಂದವು. ನಕ್ಷೆಯ ಮೇಜಿನ ಪಕ್ಕದಲ್ಲಿ ನಿಂತು ಒಬ್ಬೊಬ್ಬನ ಗೆರೆಯನ್ನೂ ತಿದ್ದಬೇಕಾದ ವಿದ್ಯೆಯಲ್ಲಿ ಈ ಅಂಕಿಗಳು ಹುಡುಗಾಟವಲ್ಲ. ೨೦೨೦ರಲ್ಲಿ ಇವುಗಳ ಸ್ಥಾನದಲ್ಲಿ ಹೊಸ ನಿಯಮಗಳು ಬಂದವು. ಐದು ವರ್ಷದ ಅವಧಿ ಹಾಗೆಯೇ ಉಳಿಯಿತು. ವಾಸ್ತುಶಿಲ್ಪ ಶಿಕ್ಷಣದ ಮಟ್ಟವನ್ನು ಗೊತ್ತುಮಾಡುವ ಅಧಿಕಾರ ತಾಂತ್ರಿಕ ಶಿಕ್ಷಣ ಮಂಡಲಿಯದೋ ವಾಸ್ತುಶಿಲ್ಪ ಪರಿಷತ್ತಿನದೋ ಎಂಬ ದೀರ್ಘ ವಿವಾದವನ್ನು ಸರ್ವೋಚ್ಚ ನ್ಯಾಯಾಲಯವು ೨೦೧೯ರಲ್ಲಿ ತೀರ್ಮಾನಿಸಿ, ಅದು ಪರಿಷತ್ತಿನದೆಂದು ಹೇಳಿತು.

ಈಗ ಎರಡು ದೇಶಗಳ ಏರ್ಪಾಡನ್ನು ಹೋಲಿಸಿ ನೋಡಿದರೆ ಒಂದು ಮುಖ್ಯವಾದ ವ್ಯತ್ಯಾಸ ಹೊಳೆಯುತ್ತದೆ. ಅಮೆರಿಕದಲ್ಲಿ ಮಾನ್ಯವಾದ ಪದವಿ ಮೊದಲ ಬಾಗಿಲು ಮಾತ್ರ. ಅದನ್ನು ದಾಟಿದವನು ಅನುಭವಿಗಳ ಕೈಕೆಳಗೆ ಸಾವಿರಾರು ಗಂಟೆಗಳ ಕೆಲಸ ಮಾಡಿ, ಆಮೇಲೆ ಹಲವು ಭಾಗಗಳ ಪರವಾನಗಿ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ನಮ್ಮ ಅಧಿನಿಯಮದಲ್ಲಾದರೋ ಮಾನ್ಯವಾದ ಪದವಿಯುಳ್ಳವನು ಶುಲ್ಕವನ್ನು ಕೊಟ್ಟು ನೋಂದಣಿ ಪಡೆಯಲು ಹಕ್ಕುಳ್ಳವನು. ನಡುವೆ ಬೇರೆ ಪರೀಕ್ಷೆಯ ಬಾಗಿಲು ಇಲ್ಲ. ಅಲ್ಲಿ ಮೂರು ಜರಡಿಗಳು ಹಂಚಿಕೊಂಡ ಕೆಲಸವನ್ನು ಇಲ್ಲಿ ಒಂದೇ ಜರಡಿ ಮಾಡಬೇಕಾಗಿದೆ. ಆದುದರಿಂದ ನಮ್ಮಲ್ಲಿ ಕಾಲೇಜಿನ ಪರಿಶೀಲನೆ ಸಡಿಲವಾದರೆ, ಆ ಸಡಿಲಿಕೆಯನ್ನು ಮುಂದೆ ಹಿಡಿದು ನಿಲ್ಲಿಸುವವರು ಯಾರೂ ಇಲ್ಲ. ಪರಿವೀಕ್ಷಣೆಯ ದಿನಕ್ಕೆಂದು ಎರವಲು ತಂದ ಅಧ್ಯಾಪಕರೂ ಸಲಕರಣೆಗಳೂ ಯಾವುದೇ ಕಾಲೇಜಿನಲ್ಲಿ ಕಂಡುಬಂದರೆ, ಅಲ್ಲಿ ಮೋಸಹೋದವರು ಪರಿವೀಕ್ಷಕರಲ್ಲ. ಮುಂದೆ ಆ ಪದವೀಧರರು ಯೋಜಿಸುವ ಮನೆಗಳಲ್ಲಿ ಮಲಗುವವರು.

ಇನ್ನೊಂದು ಸೂಕ್ಷ್ಮವೂ ಇದೆ. ೨೦೨೦ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಅಧಿನಿಯಮವು ‘ವಾಸ್ತುಶಿಲ್ಪಿ’ ಎಂಬ ಹೆಸರನ್ನು ನೋಂದಣಿಯಿಲ್ಲದವರು ಬಳಸುವುದನ್ನು ನಿಷೇಧಿಸುತ್ತದೆಯೇ ವಿನಾ ಕಟ್ಟಡವನ್ನು ಯೋಜಿಸುವ ಕೆಲಸವನ್ನೇ ನಿಷೇಧಿಸುವುದಿಲ್ಲ ಎಂದು ತೀರ್ಪಿತ್ತಿತು. ರಕ್ಷಣೆ ಇರುವುದು ಹೆಸರಿಗೆ. ಹೀಗಿರಲು ಆ ಹೆಸರಿನ ಬೆಲೆಯನ್ನು ಉಳಿಸತಕ್ಕ ಹೊಣೆ ಅದನ್ನು ಕೊಡುವ ಶಿಕ್ಷಣದ ಮೇಲೆ ಇನ್ನಷ್ಟು ಹೆಚ್ಚಾಗಿ ಬೀಳುತ್ತದೆ.

ದೇಶದಿಂದ ದೇಶಕ್ಕೆ

ಒಂದು ದೇಶದ ಕಿಲೋಗ್ರಾಂ ಇನ್ನೊಂದು ದೇಶದಲ್ಲಿಯೂ ಕಿಲೋಗ್ರಾಮೇ. ಪದವಿಯು ಹಾಗಲ್ಲ. ಈ ತೊಡಕನ್ನು ಕಡಮೆ ಮಾಡಲು ಅಮೆರಿಕ, ಕೆನಡಾ, ಮೆಕ್ಸಿಕೊ, ಚೀನಾ, ಕೊರಿಯಾ ದೇಶಗಳ ಮಾನ್ಯತಾ ಸಂಸ್ಥೆಗಳೂ ಕಾಮನ್‌ವೆಲ್ತಿನ ವಾಸ್ತುಶಿಲ್ಪಿಗಳ ಸಂಘವೂ ೨೦೦೮ರಲ್ಲಿ ಆಸ್ಟ್ರೇಲಿಯದ ಕ್ಯಾನ್‌ಬೆರಾ ನಗರದಲ್ಲಿ ಒಂದು ಒಡಂಬಡಿಕೆಗೆ ಬಂದವು. ಒಬ್ಬರು ಪರಿಶೀಲಿಸಿದ ಪದವಿ ಇನ್ನೊಬ್ಬರು ಪರಿಶೀಲಿಸಿದ ಪದವಿಗೆ ಬಹುಮಟ್ಟಿಗೆ ಸಮಾನವೆಂದು ಪರಸ್ಪರ ಒಪ್ಪುವುದೇ ಅದರ ಸಾರ. ಆದರೆ ಇದರಿಂದ ಶಿಕ್ಷಣ ಸಮಾನವೆಂದಾಯಿತೇ ಹೊರತು ಪರವಾನಗಿ ತಾನಾಗಿ ದೊರೆಯುವುದಿಲ್ಲ. ಚಳಿನಾಡಿನ ಮನೆಯ ಹೊದಿಕೆಯೂ ಮಳೆನಾಡಿನ ಮನೆಯ ಸೂರೂ ಬೇರೆಯಲ್ಲವೆ? ಅಲ್ಲಲ್ಲಿನ ಕಾಯಿದೆ, ಹವೆಗಳನ್ನು ಅಲ್ಲಲ್ಲಿಯೇ ಕಲಿಯಬೇಕು.

ಮಾನ್ಯತೆಯಿಂದ ಆಗಲಾರದ್ದು

ಮಾನ್ಯತೆ ಎಂಬುದು ಶ್ರೇಷ್ಠತೆಯ ಪದಕವಲ್ಲ. ‘ಇದಕ್ಕಿಂತ ಕೆಳಗಿಲ್ಲ’ ಎಂದು ಅದು ಹೇಳುತ್ತದೆ. ಎಷ್ಟು ಮೇಲಿದೆ ಎಂದು ಹೇಳುವುದಿಲ್ಲ. ಪ್ರತಿಭೆಯನ್ನು ಹುಟ್ಟಿಸುವ ಶಕ್ತಿಯೂ ಅದಕ್ಕಿಲ್ಲ. ೧೯೯೫ರ ಪ್ರಿಟ್ಸ್‌ಕರ್ ಪ್ರಶಸ್ತಿಯನ್ನು ಪಡೆದ ಜಪಾನಿನ ತದಾವೊ ಆಂಡೊ ಅವರು ಯಾವ ವಾಸ್ತುಶಿಲ್ಪ ಶಾಲೆಯಲ್ಲಿಯೂ ಪದವಿ ಪಡೆದವರಲ್ಲ, ತಾವೇ ಕಲಿತವರು. ಇಂಥವರನ್ನು ಮುಂದಿಟ್ಟುಕೊಂಡು ನಿಯಮಗಳೇ ಬೇಡವೆನ್ನುವವರುಂಟು. ನಿಯಮಗಳು ಹೆಚ್ಚಿದಷ್ಟೂ ಶಾಲೆಗಳು ಒಂದನ್ನೊಂದು ಹೋಲತೊಡಗುತ್ತವೆ, ಪರಿಶೀಲಿಸುವವರೂ ಪರಿಶೀಲನೆಗೆ ಒಳಗಾಗುವವರೂ ಒಂದೇ ವೃತ್ತಿಯ ಬಳಗದವರು ಎಂಬ ಆಕ್ಷೇಪಗಳನ್ನೂ ತಳ್ಳಿಹಾಕುವಂತಿಲ್ಲ. ಆದರೆ ಅಪರೂಪದ ಒಬ್ಬರು ಗುರುವಿಲ್ಲದೆ ಕಲಿತರೆಂಬುದರಿಂದ ಸಾವಿರಾರು ಮಂದಿಗೆ ಗುರು ಬೇಡವೆಂದಾಗುವುದಿಲ್ಲ. ಅಳತೆಯಲ್ಲಿ ದೋಷವಿದ್ದರೆ ಅಳತೆಯನ್ನು ತಿದ್ದಬೇಕು, ತಕ್ಕಡಿಯನ್ನು ಎಸೆಯಬಾರದು.

ಪಿ.ಯು.ಸಿ. ಮುಗಿಸಿ ಈ ದಾರಿಯನ್ನು ಹಿಡಿಯಬೇಕೆಂದಿರುವ ವಿದ್ಯಾರ್ಥಿಗಳು ಕಾಲೇಜಿನ ಕಟ್ಟಡದ ಅಂದವನ್ನು ನೋಡಿ ಮರುಳಾಗದೆ ಕೆಲವು ಪ್ರಶ್ನೆಗಳನ್ನು ಕೇಳಬೇಕು. ಈ ಕಾಲೇಜಿನ ಈ ಪದವಿಗೆ ಪರಿಷತ್ತಿನ ಒಪ್ಪಿಗೆ ಈ ವರ್ಷ ಇದೆಯೆ? ಎಷ್ಟು ಮಂದಿಯನ್ನು ಸೇರಿಸಿಕೊಳ್ಳಲು ಒಪ್ಪಿಗೆ? ಅಧ್ಯಾಪಕರಲ್ಲಿ ಪೂರ್ಣಕಾಲದವರು ಎಷ್ಟು ಮಂದಿ? ಕೊನೆಯ ವರ್ಷದ ವಿದ್ಯಾರ್ಥಿಗಳ ನಕ್ಷೆಗಳನ್ನು ನೋಡಲು ಬಿಡುತ್ತಾರೆಯೆ, ಬಿಟ್ಟರೆ ಬಹುಮಾನ ಬಂದವನ್ನು ಮಾತ್ರವೆ? ಮೊದಲ ಪ್ರಶ್ನೆಗೆ ಉತ್ತರವನ್ನು ಕಾಲೇಜಿನ ಬಾಯಿಂದ ಕೇಳಿದರೆ ಸಾಲದು, ಪರಿಷತ್ತು ಪ್ರಕಟಿಸುವ ಪಟ್ಟಿಯಲ್ಲಿಯೇ ನೋಡಬೇಕು. ಐದು ವರ್ಷಗಳನ್ನೂ ತಂದೆತಾಯಿಗಳ ಹಣವನ್ನೂ ವೆಚ್ಚಮಾಡಿದ ಮೇಲೆ ಪದವಿಯು ನೋಂದಣಿಗೆ ಸಲ್ಲದೆಂದು ತಿಳಿದುಬಂದರೆ ಆ ನಷ್ಟವನ್ನು ಯಾರೂ ತುಂಬಿಕೊಡಲಾರರು.

ಕಾಲೇಜಿಗೆ ಸೇರಿದ ಮೇಲೂ ಹೊಣೆ ಮುಗಿಯಲಿಲ್ಲ. ಮಾನ್ಯತೆಯು ಶಾಲೆಯ ಕನಿಷ್ಠ ಮಟ್ಟಕ್ಕೆ ಸಾಕ್ಷಿ; ಆ ಕನಿಷ್ಠದಲ್ಲಿಯೇ ನಿಲ್ಲಬೇಕೆ, ಮೇಲಕ್ಕೆ ಏರಬೇಕೆ ಎಂಬುದು ವಿದ್ಯಾರ್ಥಿಯ ಕೈಯಲ್ಲಿದೆ. ತನ್ನ ತರಗತಿಯ ಕೋಣೆಯನ್ನು ಒಮ್ಮೆ ಅಳೆದು, ಮೇಲೆ ಕೊಟ್ಟ ನಿಯಮದಿಂದ ಅದರ ಅನುರಣನ ಕಾಲವನ್ನು ಲೆಕ್ಕ ಹಾಕಿ ನೋಡಲಿ. ಒಂದು ಅಳತೆಪಟ್ಟಿಯೂ ಅರ್ಧ ಗಂಟೆಯೂ ಇದ್ದರೆ ಅಷ್ಟಕ್ಕೆ ಸಾಕು.